ಹನ್ನೊಂದು ವರ್ಷ ಉಳಿದ ಲೋಪ
ಕಡತವೊಂದನ್ನು ಹಲವು ತಂತ್ರಾಂಶಗಳು ಓದುವಾಗ ಗಣಕಯಂತ್ರದ ಕರ್ನೆಲ್, ಸ್ಮೃತಿಯಲ್ಲಿ ಒಂದೇ ಪ್ರತಿಯನ್ನಿರಿಸಿ, ತಿದ್ದಬಯಸುವ ತಂತ್ರಾಂಶಕ್ಕೆ ಮಾತ್ರ ಪ್ರತ್ಯೇಕ ನಕಲನ್ನು ನೀಡುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಈ ನಕಲು ನೀಡುವ ಕ್ಷಣದ ಲೋಪದಿಂದ ತಿದ್ದುಪಡಿಯು ಮೂಲ ಕಡತಕ್ಕೇ ತಗಲುವ ಸಾಧ್ಯತೆಯಿತ್ತು. ಗುಮಾಸ್ತನು ನಕಲಿನ ಬದಲು ಮೂಲ ಖಾತೆ ಪುಸ್ತಕವನ್ನೇ ತಿದ್ದಿದಂತೆ. ಇದರಿಂದ ಸಾಮಾನ್ಯ ಬಳಕೆದಾರನೂ ಯಂತ್ರದ ಸಂಪೂರ್ಣ ಅಧಿಕಾರವನ್ನು ಪಡೆಯಬಹುದಿತ್ತು.

‘ಡರ್ಟಿ ಕೌ’ ಎಂದು ಹೆಸರಾದ ಈ ದೋಷಕ್ಕೆ ಲಿನಸ್ ಟೊರ್ವಾಲ್ಡ್ಸ್ 2005ರಲ್ಲೇ ಪರಿಹಾರ ರೂಪಿಸಿದ್ದರು. ಒಂದು ವರ್ಗದ ದೊಡ್ಡ ಯಂತ್ರಗಳಲ್ಲಿ ತೊಡಕುಂಟಾದುದರಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ದೋಷದ ದುರುಪಯೋಗ ಪತ್ತೆಯಾದ ಬಳಿಕ, 2016ರ ಅಕ್ಟೋಬರ್‌ನಲ್ಲಿ ಅವರೇ ಅದನ್ನು ಸರಿಪಡಿಸಿದರು.

ಪರಿಹಾರ ಪ್ರಕಟವಾದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗದು. ಲೆಕ್ಕಪತ್ರಗಳನ್ನು ಲಿನಕ್ಸ್ ಸರ್ವರ್‌ನಲ್ಲಿರಿಸಿರುವ ವರ್ತಕರೂ ಸಣ್ಣ ಉದ್ಯಮಿಗಳೂ ಕರ್ನೆಲ್ ನವೀಕರಣವನ್ನು ಮುಂದೂಡದಿರುವುದು ಲೇಸು.