ಕಾಣದ ಬೆಳಕಿನಲ್ಲಿ ಪ್ರಿಂಟ್

ಹಳೆಯ ಲ್ಯಾಪ್‌ಟಾಪಿನ ಅಂಚಿನಲ್ಲಿ ಕಪ್ಪುಗೆಂಪು ಬಣ್ಣದ ಪುಟ್ಟ ಕಿಂಡಿಯೊಂದು ಇರುತ್ತಿತ್ತು. ಅದೇ ಇನ್‌ಫ್ರಾರೆಡ್ ಪೋರ್ಟ್. ವೈಫೈ, ಬ್ಲೂಟೂತ್ ಬಳಕೆಗೆ ಬರುವ ಮೊದಲು ಕೇಬಲ್ ಇಲ್ಲದೆ ಪ್ರಿಂಟ್ ತೆಗೆಯಲು ಅದು ದಾರಿಯಾಗಿತ್ತು. ಪ್ರಿಂಟರ್‌ನ ಕಿಂಡಿಗೆ ಎದುರಾಗಿಟ್ಟು ಪ್ರಿಂಟ್ ಕೊಟ್ಟರೆ, ಕಡತವು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಮಿಣುಕುಗಳಾಗಿ ದಾಟುತ್ತಿತ್ತು.

ಇದಕ್ಕೆ ನಾಂದಿ ಹಾಡಿದ್ದು ಕ್ಯಾಲ್ಕುಲೇಟರ್. ಎಚ್‌ಪಿ ಕಂಪನಿಯ 1986ರ 18ಸಿ, ಸಾಲಿಗೆ 24 ಅಕ್ಷರ ಮೂಡಿಸುವ ಥರ್ಮಲ್ ಪ್ರಿಂಟರ್‌ಗೆ ಬೆಳಕಿನಲ್ಲೇ ಲೆಕ್ಕ ಕಳಿಸುತ್ತಿತ್ತು. ಅಲ್ಲಿ ಮಾತು ಒಮ್ಮುಖ: ಕಾಗದ ಮುಗಿದಿದ್ದರೂ ಪ್ರಿಂಟರ್ ತಿರುಗಿ ಹೇಳುವಂತಿರಲಿಲ್ಲ. 1993ರಲ್ಲಿ ಹುಟ್ಟಿದ ಇನ್‌ಫ್ರಾರೆಡ್ ಡೇಟಾ ಅಸೋಸಿಯೇಷನ್, ಅಂದರೆ ಐಆರ್‌ಡಿಎ, ಈ ಕೊರತೆ ನೀಗಿಸಿ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ತಂದಿತು. 1995ರಲ್ಲಿ ಬಂದ ಲೇಸರ್‌ಜೆಟ್ 5ಪಿ ಪ್ರಿಂಟರ್‌ಗೆ ಆ ಕಿಂಡಿ ಇತ್ತು.

ಎರಡೂ ಸಾಧನಗಳು ಮೊದಲು ಸೆಕೆಂಡಿಗೆ 9,600 ಬಿಟ್‌ಗಳ ನಿಧಾನ ವೇಗದಲ್ಲಿ ಪರಿಚಯ ಮಾಡಿಕೊಂಡು, ಆಮೇಲೆ ಇಬ್ಬರಿಗೂ ಒಗ್ಗುವ ವೇಗಕ್ಕೆ ಏರುತ್ತವೆ. ಮೂಲ ವಿಧಾನದಲ್ಲಿ ಅದರ ಮಿತಿ 1,15,200 ಬಿಟ್. ಪತ್ರವೊಂದಕ್ಕೆ ಇಷ್ಟು ಧಾರಾಳ, ಆದರೆ ಒಂದು ಎಂಬಿಯ ಚಿತ್ರಕ್ಕೆ ಸುಮಾರು ಒಂದೂವರೆ ನಿಮಿಷ ಬೇಕು. ಬ್ಯಾಟರಿ ಉಳಿಯಲೆಂದು, ಒಂದು ಬಿಟ್‌ಗೆ ಮೀಸಲಾದ ಕಾಲದ ಹದಿನಾರರಲ್ಲಿ ಮೂರು ಪಾಲು ಮಾತ್ರ ದೀಪ ಬೆಳಗುತ್ತದೆ. ತನ್ನದೇ ಬೆಳಕು ತನ್ನ ರಿಸೀವರನ್ನು ಕುರುಡಾಗಿಸುವುದರಿಂದ ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರಬೇಕು.

ಅಂತರ ಒಂದು ಮೀಟರ್ ಮೀರಬಾರದು. ಕೋನ ನೇರ ಗೆರೆಯಿಂದ 15 ಡಿಗ್ರಿಗಿಂತ ಹೆಚ್ಚು ಸರಿಯಬಾರದು. ಚೆನ್ನೈಯಂಥ ಊರಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಅವಕೆಂಪು ಕಿರಣ ತುಂಬಿರುವುದರಿಂದ, ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಪ್ರಿಂಟರ್ ಇಟ್ಟರೆ ಸಂಪರ್ಕ ಕಡಿಯಬಹುದು. ಪರದೆ ಎಳೆಯುವುದೇ ಸುಲಭದ ಪರಿಹಾರ. ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್‌ನಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಟಿವಿ ರಿಮೋಟಿನ ರಿಸೀವರ್ ಕೊಂಡು ಈ ಪೋರ್ಟ್ ರಿಪೇರಿ ಮಾಡಹೊರಟರೆ ಅದು ನಡೆಯದು. ರಿಮೋಟಿನ ರಿಸೀವರ್ ಸಾಮಾನ್ಯವಾಗಿ 38 ಕಿಲೋಹರ್ಟ್ಸ್ ಮಿಡಿತಕ್ಕಷ್ಟೇ ಓಗೊಡುತ್ತದೆ. ಐಆರ್‌ಡಿಎಯಲ್ಲಿ ಆ ಮಿಡಿತವೇ ಇಲ್ಲ.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಅದರ ಒಂದು ಗುಣವನ್ನು ಮೆಚ್ಚಲೇಬೇಕು. ಈ ಬೆಳಕು ಗೋಡೆ ದಾಟುವುದಿಲ್ಲ. ಪಾಸ್‌ವರ್ಡ್ ಕೇಳದೆಯೂ, ಎದುರಿಗಿಟ್ಟ ಪ್ರಿಂಟರ್‌ಗೇ ಕಾಗದ ಹೋಗುತ್ತದೆ. ಪಕ್ಕದ ಕೋಣೆಯ ಯಂತ್ರದಲ್ಲಿ ಖಾಸಗಿ ಪತ್ರ ಹೊರಬರುವ ಮುಜುಗರವಿಲ್ಲ. ವೈಫೈ ಪ್ರಿಂಟರ್‌ಗಳಲ್ಲಿ ಇಂಥ ನಿಶ್ಚಿಂತೆ ಸುಲಭವಾಗಿ ಸಿಗುವುದಿಲ್ಲ.

ಆದರೂ ಜೇಬಿನಿಂದ ಫೋನ್ ತೆಗೆಯದೆಯೇ ಸಂಪರ್ಕ ಕೊಡುವ ಬ್ಲೂಟೂತ್ ಗೆದ್ದಿತು. 2018ರಲ್ಲಿ ಲಿನಕ್ಸ್ ಕರ್ನಲ್‌ನಿಂದಲೂ ಐಆರ್‌ಡಿಎ ಭಾಗವನ್ನು ತೆಗೆದುಹಾಕಲಾಯಿತು. ಹತ್ತಿರದಿಂದ, ಎದುರುಬದುರಾಗಿ ಅವಕೆಂಪು ಬೆಳಕಿನಲ್ಲಿ ಮಾಹಿತಿ ದಾಟಿಸುವ ಕ್ರಮ ಮಾತ್ರ ವಿದ್ಯುತ್ ಮೀಟರ್‌ಗಳ ಆಪ್ಟಿಕಲ್ ಪೋರ್ಟ್‌ನಲ್ಲಿ ಇಂದಿಗೂ ಬಳಕೆಯಲ್ಲಿದೆ.