ಶಹಾಪುರದ ರೋಡು ಯಾರ ಕೈಯಾಗದ?

ಶಹಾಪುರ, ಸುರಪುರದ ಮುಂದ ಹಾಯೋ ದೊಡ್ಡ ರೋಡು ಐತೆಲ್ಲ,
ಅದು ಯಾರದು? ಬೆಂಗಳೂರಿಂದೋ, ದಿಲ್ಲೀದೋ?

ಉತ್ತರ ಕಿಲೋಮೀಟರ್ ಕಲ್ಲಿನ ಮ್ಯಾಲೇ ಐತಿ.
ತಲಿ ಹಸಿರಿದ್ರ ರಾಜ್ಯದ್ದು.
ಹಳದಿ ಇದ್ರ ಕೇಂದ್ರದ್ದು.

ಮೊದಲ ಇದು ರಾಜ್ಯ ಹೆದ್ದಾರಿ 19.
ಈಗ ರಾಷ್ಟ್ರೀಯ ಹೆದ್ದಾರಿ 150ಎ.
ನಂಬರಿನಾಗ ಕೊನೀ 50 ನೋಡ್ರಿ.
ಕಲಬುರಗಿಯಿಂದ ವಿಜಯಪುರಕ್ಕ ಹೋಗೋ ಎನ್‌ಎಚ್ 50,
ಅದರ ಕವಲು ಇದು. ಜೇವರ್ಗಿಯಾಗ ಒಡೀತದ.

ಅಲ್ಲಿಂದ ಶಹಾಪುರ. ಮಲಗಿದ ಬುದ್ಧನ ಗುಡ್ಡ.
ಸುರಪುರ ದಾಟಿ, ತಿಂಥಣಿ ಬ್ರಿಜ್ ಮ್ಯಾಲೆ ಕೃಷ್ಣಾ ಹೊಳಿ.
ಆಮ್ಯಾಲೆ ಲಿಂಗಸೂಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ಮೈಸೂರು...
ಮುಗಿಯೂದು ಚಾಮರಾಜನಗರದಾಗ!

ಹಂಗಾರ ಬದಲಾಗಿದ್ದೇನು?
ರಾಜ್ಯದ ನೌಕರ ಕೇಂದ್ರದ ನೌಕರಿಗೆ ಸೇರಿದಂಗ.
ಆಳು ಅವನೇ, ಪಗಾರ ಕೊಡೋ ಕೈ ಬ್ಯಾರೆ.
ರೊಕ್ಕ ದಿಲ್ಲೀದು.
ಕೆಲಸ ನೋಡೋದು ಬಹಳ ಕಡೆ ನಮ್ಮ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗನೇ.

ಜರ್ಮನಿಯಾಗ ಎಷ್ಟೋ ಕಡೆ ಉಲ್ಟಾ.
ಬಾಜೂಕ ಆಟೋಬಾನ್, ಅಂದ್ರ ಅವರ ವೇಗದ ಹೆದ್ದಾರಿ, ಬಂತಂದ್ರ,
ಹಳೀ ಕೇಂದ್ರ ಹೆದ್ದಾರಿನ ರಾಜ್ಯಕ್ಕ ಇಳಸ್ತಾರ.
ನಮ್ಮಲ್ಲಿ ಬಡ್ತಿ ಕೊಡೋದೇ ಹೆಚ್ಚು. ತಗ್ಗು ಮುಚ್ಚೋದು ಆಮ್ಯಾಲಿನ ಮಾತು, ಬಿಡ್ರಿ.

ನಿಮ್ಮೂರ ರೋಡಿನ ತಗ್ಗಿಗೆ ಅರ್ಜಿ ಬರೀತೀರಾ?
ಮೊದಲ ಕಲ್ಲಿನ ಬಣ್ಣ ನೋಡ್ರಿ.
ಇಲ್ಲಾಂದ್ರ ಅರ್ಜಿ ಬ್ಯಾರೆ ಆಫೀಸಿನ ಟೇಬಲ್ಲಿಗೆ ಹೋಗಿ ಕುಂದರ್ತದ.