ಹಳೆಯ ಬಯೊನೆಟ್‌ಗಳ ಗುರುತಿಸುವಿಕೆ ಮತ್ತು ಸಂರಕ್ಷಣೆ: 1907ರ ಮಾದರಿಯನ್ನು ಕುರಿತು

ಬಂದೂಕಿನ ತುದಿಗೆ ಜೋಡಿಸುವ ಇರಿಯುವ ಅಲಗೇ ಬಯೊನೆಟ್. ಹಿಂದಿ, ಉರ್ದುಗಳಲ್ಲಿ ಇದನ್ನು ಸಂಗೀನ್ ಎನ್ನುವರು. ಭೌತಿಕ ಸಂಸ್ಕೃತಿಯ ಅಧ್ಯಯನವು ವಸ್ತುವನ್ನೂ ಅದರ ಸುತ್ತ ಬೆಳೆದ ಮಾತನ್ನೂ ಒಟ್ಟಿಗೆ ಪರಿಶೀಲಿಸುತ್ತದೆ. ಬಯೊನೆಟ್ಟಿನ ವಿಷಯದಲ್ಲಿ ಜನರ ಮಾತು ಒಂದಾದರೆ ಲೋಹದ ಸಾಕ್ಷ್ಯ ಇನ್ನೊಂದು. ಆ ಸಾಕ್ಷ್ಯವನ್ನು ಓದದೆ ಕೈಗೊಳ್ಳುವ ಜೀರ್ಣೋದ್ಧಾರವು ಆಕರವನ್ನೇ ಅಳಿಸಿಬಿಡುತ್ತದೆ.

ಭಾರತೀಯ ಸೇನೆಯೂ ಸೇರಿದಂತೆ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳು ಲೀ-ಎನ್‌ಫೀಲ್ಡ್ ಬಂದೂಕಿನೊಡನೆ ಬಳಸಿದ 1907ರ ಮಾದರಿಯನ್ನು ಇಲ್ಲಿ ನಿದರ್ಶನವಾಗಿ ಪರಿಗಣಿಸಲಾಗಿದೆ. ಜಪಾನಿನ ಅರಿಸಾಕಾ ಬಂದೂಕಿನ ಬಯೊನೆಟ್ ಇದಕ್ಕೆ ಪ್ರೇರಣೆ. ಅಲಗಿನ ಉದ್ದ 17 ಅಂಗುಲ, ಎಂದರೆ ಸುಮಾರು 43 ಸೆಂ.ಮೀ. ಆರಂಭದಲ್ಲಿ ಹಿಡಿಯ ಅಡ್ಡಪಟ್ಟಿಗೆ ಕೊಕ್ಕೆಯಿತ್ತು. 1913ರಲ್ಲಿ ಅದನ್ನು ಕೈಬಿಡಲಾಯಿತು. ಹಿಡಿಯ ತುದಿಯಲ್ಲಿ ಸೇರುವ ಮಣ್ಣು ಹೊರಬೀಳಲೆಂದು 1916ರಲ್ಲಿ ರಂಧ್ರವನ್ನು ಸೇರಿಸಲಾಯಿತು. ಇಂಗ್ಲೆಂಡಿನ ವಿಲ್ಕಿನ್‌ಸನ್, ಸ್ಯಾಂಡರ್ಸನ್ ಮೊದಲಾದ ಸಂಸ್ಥೆಗಳಲ್ಲದೆ ಆಸ್ಟ್ರೇಲಿಯಾದ ಲಿತ್‌ಗೋ ಹಾಗೂ ಬಂಗಾಳದ ಇಶಾಪುರದ ಕಾರ್ಖಾನೆಗಳೂ ಇದನ್ನು ತಯಾರಿಸಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಅಲಗನ್ನು ಸುಮಾರು 12 ಅಂಗುಲಕ್ಕೆ ಇಳಿಸಲಾಯಿತು. ಹಳೆಯ ಉದ್ದ ಅಲಗನ್ನೇ ಕತ್ತರಿಸಿದ್ದಾದರೆ ಅದರ ಮೇಲಿನ ಕಾಲುವೆ ತುದಿಯ ಸಮೀಪದವರೆಗೂ ಚಾಚಿರುತ್ತದೆ. ಹೀಗೆ ಒಂದೇ ವಸ್ತುವಿನಲ್ಲಿ ಎರಡು ಕಾಲಗಳ ಗುರುತುಗಳು ದೊರೆಯುವುದುಂಟು.

ಅಲಗಿನ ಬುಡದ ಮುದ್ರೆಗಳು ಗುರುತಿಸುವಿಕೆಗೆ ಮುಖ್ಯ ಆಧಾರ. ಒಂದು ಬದಿಯಲ್ಲಿ ಕಿರೀಟ, ದೊರೆಯ ಹೆಸರಿನ ಆದ್ಯಕ್ಷರಗಳು, 1907 ಎಂಬ ಅಂಕಿ, ತಿಂಗಳು-ವರ್ಷ ಹಾಗೂ ತಯಾರಕರ ಹೆಸರು ಇರುತ್ತವೆ. ಇಲ್ಲಿ 1907 ಎಂಬುದು ಮಾದರಿಯ ವರ್ಷವೇ ಹೊರತು ತಯಾರಿಕೆಯ ವರ್ಷವಲ್ಲ. ಇನ್ನೊಂದು ಬದಿಯ ಬಾಣದ ಗುರುತು ಸರ್ಕಾರಿ ಸ್ವತ್ತೆಂಬುದನ್ನೂ, ಗುಣಾಕಾರ ಚಿಹ್ನೆಯಂಥ ಗುರುತು ಅಲಗನ್ನು ಬಾಗಿಸಿ ಪರೀಕ್ಷಿಸಲಾಗಿದೆ ಎಂಬುದನ್ನೂ ಸೂಚಿಸುತ್ತವೆ.

ಅಲಗಿನ ಕಾಲುವೆ ರಕ್ತ ಹರಿಯಲೆಂದು ಮಾಡಿದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಅದು ಅಲಗಿನ ಬಿಗಿಯನ್ನು ಉಳಿಸಿಕೊಂಡು ತೂಕವನ್ನು ತಗ್ಗಿಸುವ ಉಪಾಯ. ಆದರೆ ನಂಬಿಕೆಯೂ ಜಾನಪದ ಸಾಮಗ್ರಿಯೇ. ಅದನ್ನು ದಾಖಲಿಸಬೇಕು, ವಸ್ತುವಿನ ವಿವರಣೆಯೊಡನೆ ಬೆರೆಸಬಾರದು.

ಸಂರಕ್ಷಣೆಯ ಮೊದಲ ಹೆಜ್ಜೆ ಅಳತೆ, ಛಾಯಾಚಿತ್ರ ಮತ್ತು ಮುದ್ರೆಗಳ ಪ್ರತಿ. ಅನಂತರ ಹಳೆಯ ಜಿಡ್ಡನ್ನು ಮೃದು ಬಟ್ಟೆಯಿಂದ ತೆಗೆಯಬೇಕು. ಸಡಿಲವಾದ ಕೆಂಪು ತುಕ್ಕನ್ನು ತೆಳುವಾದ ಎಣ್ಣೆಯಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕು. ಗಟ್ಟಿಯಾಗಿ ಕೂತ ಕಪ್ಪು ಪದರವನ್ನು ಹಾಗೆಯೇ ಉಳಿಸುವುದು ಲೇಸು. ಉಜ್ಜುಕಾಗದ, ತಿರುಗುವ ತಂತಿಕುಂಚ, ಪ್ರಬಲ ಆಮ್ಲಗಳು ಮುದ್ರೆಗಳ ಅಂಚನ್ನು ಸವೆಸುತ್ತವೆ. ಮರದ ಹಿಡಿಗೆ ಹೊಸ ಮೆರುಗೆಣ್ಣೆ ಸಲ್ಲದು. ಅಲಗನ್ನು ಚರ್ಮದ ಒರೆಯೊಳಗೆ ಇರಿಸಿದರೆ ಚರ್ಮದ ತೇವ ಮತ್ತು ಆಮ್ಲೀಯತೆಯಿಂದ ತುಕ್ಕು ಮರುಕಳಿಸುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ, ಒಣ ಸ್ಥಳದಲ್ಲಿ ಇಡುವುದು ಉಚಿತ.

ಥಳಥಳಿಸುವಂತೆ ಉಜ್ಜಿದ ಬಯೊನೆಟ್ ನೋಟಕ್ಕೆ ಚೆಲುವಾಗಿರಬಹುದು. ಆದರೆ ತಯಾರಕರ ಹೆಸರು, ಕಾಲ, ಕೈಬದಲಾದ ಪಡೆಗಳ ಗುರುತು ಒಮ್ಮೆ ಅಳಿದರೆ ಅವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಆದಕಾರಣ ಇಂತಹ ವಸ್ತುಗಳ ಪಾಲಿಗೆ ಜೀರ್ಣೋದ್ಧಾರವೆಂದರೆ ಹೊಸದಾಗಿಸುವುದಲ್ಲ, ಕ್ಷಯವನ್ನು ತಡೆಯುವುದು.